ಹಾಲು ಇಳಿಯುವ ದಾರಿ

ಹಾಲಿನ ಸಂಘದ ಶೆಡ್ಡಿನ ಮುಂದೆ ಎರಡು ಜೀಪುಗಳು ನಿಂತಿದ್ದವು. ಎರಡರದೂ ಒದ್ದೆ ಬೂದಿಯ ಬಣ್ಣ, ಎರಡಕ್ಕೂ ಒಂದೇ ಎತ್ತರದ ಚಕ್ರ, ಹಿಂದೆ ಕ್ಯಾನು ಇಡಲು ಒಂದೇ ಅಳತೆಯ ಜಾಗ. ದೂರದಿಂದ ನೋಡಿದರೆ ಅವಳಿ ಕರುಗಳ ಹಾಗೆ ಕಾಣುತ್ತಿದ್ದವು. ಹತ್ತಿರ ಹೋಗಿ ಬಾಗಿಲು ತೆಗೆದು ಬಗ್ಗಿ ನೋಡಿದವರಿಗೆ ಮಾತ್ರ ವ್ಯತ್ಯಾಸ ತಿಳಿಯುತ್ತಿತ್ತು. ಒಂದರಲ್ಲಿ ಕಾಲ ಬಳಿ ಮೂರು ಪೆಡಲುಗಳು, ಇನ್ನೊಂದರಲ್ಲಿ ಎರಡೇ.

ಗೇರಣ್ಣ ಬಗ್ಗಿ ನೋಡಲಿಲ್ಲ. ಬಗ್ಗಿದರೆ ಮತ್ತೆ ಏಳುವಾಗ ಎಡ ಮಂಡಿ ಹಿಡಿದುಕೊಳ್ಳುತ್ತಿತ್ತು; ಅದನ್ನು ಇಷ್ಟು ಜನರ ಮುಂದೆ ತೋರಿಸುವ ಮನಸ್ಸಿರಲಿಲ್ಲ. ಶೆಡ್ಡಿನ ಕಂಬಕ್ಕೆ ಒರಗಿ, ಎರಡೂ ಗಾಡಿಗಳನ್ನು ಸಂತೆಯಲ್ಲಿ ದನ ನೋಡುವವನ ಹಾಗೆ ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ನೋಡುತ್ತಿದ್ದ.

ಇಪ್ಪತ್ತಾರು ವರ್ಷಗಳಿಂದ ಈ ಬೆಟ್ಟದ ಊರಿನ ಹಾಲನ್ನು ಕೆಳಗಿನ ಶೀತಲ ಕೇಂದ್ರಕ್ಕೆ ಇಳಿಸುತ್ತಿದ್ದವನು ಅವನು. ಸಂಘದ ಹಳೆಯ ಜೀಪಿನಲ್ಲಿ ಎರಡನೇ ಗೇರು ನಿಲ್ಲುತ್ತಿರಲಿಲ್ಲ, ಇಳಿಜಾರಿನಲ್ಲಿ ತಾನಾಗಿ ಜಾರಿ ಹೊರಬರುತ್ತಿತ್ತು. ಅದನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಒಂಬತ್ತು ಕಿಲೋಮೀಟರ್ ತಿರುವುಗಳನ್ನು ತಿರುಗಿಸುತ್ತಿದ್ದ ಕಾರಣಕ್ಕೆ ಊರು ಅವನಿಗೆ ಗೇರಣ್ಣ ಎಂಬ ಹೆಸರಿಟ್ಟಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಈಗ ಓಟಿನ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಹೋದ ತಿಂಗಳು ಆ ಹಳೆಯ ಜೀಪಿನ ಅಡಿಪಟ್ಟಿಯೇ ಬಿರಿದು, ಮೆಕ್ಯಾನಿಕ್ಕು ಕೈ ಒರೆಸಿಕೊಂಡು, "ಇದನ್ನ ಇನ್ನು ಕೋಳಿ ಗೂಡು ಮಾಡ್ಕೊಳ್ಳಿ" ಎಂದುಬಿಟ್ಟಿದ್ದ. ಅಂದಿನಿಂದ ಬಾಡಿಗೆ ಟ್ರ್ಯಾಕ್ಟರಿನಲ್ಲಿ ಹಾಲು ಇಳಿಯುತ್ತಿತ್ತು, ಎರಡು ದಿನಕ್ಕೊಮ್ಮೆ ಒಡೆದೂ ಹೋಗುತ್ತಿತ್ತು.

"ಯಾವುದು ತಗೊಳ್ಳೋಣ ಅನ್ನೋದು ನಿನಗೆ ಬಿಟ್ಟಿದ್ದು ಗೇರಣ್ಣ," ಎಂದರು ಸಂಘದ ಅಧ್ಯಕ್ಷರು. ಅವರು ಮಾತಾಡುವಾಗ ಟೋಪಿ ತೆಗೆದು ಕೈಯಲ್ಲಿ ತಿರುಗಿಸುವವರು. "ಎರಡಕ್ಕೂ ಬೆಲೆ ಹೆಚ್ಚೂ ಕಡಿಮೆ ಒಂದೇ. ನಾವೆಲ್ಲ ಹಾಲು ಕರೆಯೋರು, ನಮಗೇನು ಗೊತ್ತು? ಶನಿವಾರ ಸಭೆ. ಅವತ್ತು ನೀನು ಯಾವುದನ್ನ ಮುಟ್ಟಿ ತೋರಿಸ್ತೀಯೋ ಅದೇ ನಮ್ಮ ಗಾಡಿ."

ಮಾರಾಟದವನು ಮುಂದೆ ಬಂದ. ಇಸ್ತ್ರಿ ಮಾಡಿದ ಅಂಗಿ, ಸಗಣಿ ತಾಗದ ಹಾಗೆ ಬೆರಳ ತುದಿಯಲ್ಲಿ ನಡೆಯುವ ಬೂಟು. "ಮೊದಲು ಈ ಎರಡು ಪೆಡಲಿನ ಆಟೋಮ್ಯಾಟಿಕ್ ನೋಡಿ ಅಣ್ಣ. ಕ್ಲಚ್ಚಿಲ್ಲ, ಗೇರು ತಾನೇ ಬದಲಾಗ್ತದೆ. ಒಂದು ಸಲ ಇದರಲ್ಲಿ ಕೂತ್ರೆ ಇನ್ನೊಂದನ್ನ ತಿರುಗಿ ನೋಡಲ್ಲ."

ಆ ಊರಿನಲ್ಲಿ ಜೀಪಿಗೆ ಸಂಬಂಧಪಟ್ಟ ಒಂದು ಪದ್ಧತಿಯಿತ್ತು. ಮೊಣಕೈ ತಿರುವು ಎಂಬ ಜಾಗದಲ್ಲಿ ದಾರಿ ಮಡಚಿದ ಮೊಣಕೈಯ ಹಾಗೆ ತಟ್ಟನೆ ಹಿಂದಕ್ಕೆ ಹೊರಳುತ್ತದೆ. ಹತ್ತುವ ಗಾಡಿ ಒಂದೇ ಸಲಕ್ಕೆ ತಿರುಗಲಾರದು; ನಿಂತು, ಸ್ವಲ್ಪ ಹಿಂದೆ ಸರಿದು, ಮತ್ತೆ ನಿಂತು ಹೊರಡಬೇಕು. ಹಾಗೆ ಹೊರಡುವ ಗಳಿಗೆಯಲ್ಲಿ ಹಳೆಯ ಜೀಪು ಒಂದು ಗೇಣು ಹಿಂದಕ್ಕೆ ಜಾರುತ್ತಿತ್ತು. ಹಿಂದೆ ಕಮರಿ. ಆದ್ದರಿಂದ ಜೀಪಿನಲ್ಲಿ ಯಾವಾಗಲೂ ಒಂದು ಮೂರು ಮೂಲೆಯ ಮರದ ತುಂಡು ಇರುತ್ತಿತ್ತು. ಶೆಡ್ಡಿಗೆ ಕೊನೆಯಲ್ಲಿ ಬಂದು ಹತ್ತಿದವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂರಬೇಕು, ತಿರುವಿನಲ್ಲಿ ಧುಮುಕಿ ಹಿಂದಿನ ಚಕ್ರಕ್ಕೆ ಕೊಡಬೇಕು. ಹನ್ನೊಂದು ವರ್ಷದ ಹಿಂದೆ ತುಂಡು ಹಿಡಿದವನು ನಿದ್ದೆಗಣ್ಣಿನಲ್ಲಿದ್ದ. ಒಂದು ಚಕ್ರ ಅಂಚಿನಿಂದಾಚೆ ಗಾಳಿಯಲ್ಲಿ ತಿರುಗಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಂದಿನಿಂದ ಆ ಊರಿನಲ್ಲಿ ಜೀಪಿನ ಹೆದರಿಕೆ ಎಂದರೆ ಹತ್ತುವ ಹೆದರಿಕೆಯೇ. ಗಾಡಿ ಚೆನ್ನಾಗಿದೆಯೇ ಎಂದು ಕೇಳುವ ಬದಲು, "ಮೊಣಕೈ ಹತ್ತುತ್ತಾ?" ಎಂದು ಕೇಳುತ್ತಿದ್ದರು.

ಹೀಗಾಗಿ ಅಂದಿನ, ಅಂದರೆ ಮಂಗಳವಾರದ, ಪರೀಕ್ಷೆ ಮೊಣಕೈ ತಿರುವಿನಲ್ಲೇ ಎಂದು ಯಾರೂ ಹೇಳದೆ ನಿಶ್ಚಯವಾಗಿತ್ತು. ಎರಡು ಗಾಡಿಗಳನ್ನೂ ತಿರುವಿನ ಕೆಳಗೆ ಒಯ್ದು ನಿಲ್ಲಿಸಿದರು. ಅಂದು ಕೊನೆಗೆ ಬಂದವರು ಅಧ್ಯಕ್ಷರೇ ಆಗಿದ್ದರಿಂದ ತುಂಡು ಅವರ ತೊಡೆ ಸೇರಿತು.

"ತುಂಡು ಭದ್ರ ಅಧ್ಯಕ್ಷರೇ, ನಿಮ್ಮನ್ನೇ ಚಕ್ರಕ್ಕೆ ಕೊಡೋ ಹಾಗಾಗ್ಬಾರದು," ಎಂದು ಯಾರೋ ಕೂಗಿದರು.

ಗೇರಣ್ಣ ಎರಡು ಪೆಡಲಿನ ಗಾಡಿಗೆ ಹತ್ತಿ ಎಂಜಿನ್ ಚಾಲೂ ಮಾಡಿದ. ಬ್ರೇಕು ಬಿಟ್ಟದ್ದೇ ಗಾಡಿ ತಾನಾಗಿ, ಸದ್ದಿಲ್ಲದೆ ಮುಂದೆ ಹರಿಯಿತು. ಹತ್ತು ಮಾರು ಹೋಗಿರಲಿಲ್ಲ, ಎಂಜಿನ್ನಿನ ದನಿ ಏರಿದ್ದೇ ಅವನ ಎಡಗಾಲು ಇಪ್ಪತ್ತಾರು ವರ್ಷದ ಅಭ್ಯಾಸದಂತೆ ಎದ್ದು, ಇಲ್ಲದ ಕ್ಲಚ್ಚನ್ನು ತುಳಿಯಲು ಹೋಗಿ, ಅಗಲವಾದ ಬ್ರೇಕನ್ನು ಪೂರ್ತಿ ತುಳಿಯಿತು. ಗಾಡಿ ಗೂಟಕ್ಕೆ ಹಗ್ಗ ಸಿಕ್ಕ ಹೋರಿಯ ಹಾಗೆ ನಿಂತಿತು. ಅಧ್ಯಕ್ಷರ ಟೋಪಿ ಮುಂದಿನ ಗಾಜಿಗೆ ಬಡಿಯಿತು, ತುಂಡು ಅವರ ಪಾದದ ಮೇಲೆ ಬಿತ್ತು.

"ನನ್ನ ಮೇಲೇನಪ್ಪ ಇಷ್ಟು ಸಿಟ್ಟು?" ಎಂದರು ಅವರು, ಪಾದ ಹಿಡಿದುಕೊಂಡು.

ಮಾರಾಟದವನು ನಕ್ಕ. "ಎಲ್ರೂ ಮೊದಲ ದಿನ ಹೀಗೇ ಮಾಡೋದು. ಎಡಗಾಲನ್ನ ಮರ್ತುಬಿಡಿ ಅಣ್ಣ. ಅದಕ್ಕೆ ಇನ್ಮೇಲೆ ರಜೆ."

ಆ ಮಾತು ಗೇರಣ್ಣನ ಕಿವಿಯಲ್ಲಿ ಉಳಿಯಿತು. ಎಡಗಾಲನ್ನು ಸೀಟಿನ ಕೆಳಗೆ ಮಡಚಿಟ್ಟು ಮತ್ತೆ ಹೊರಟ. ಮೊಣಕೈಯಲ್ಲಿ ಗಾಡಿ ನಿಂತಿತು, ಹಿಂದೆ ಸರಿಯಿತು, ಬ್ರೇಕಿನಿಂದ ಕಾಲು ತೆಗೆದಾಗ ಒಂದು ಬೆರಳಿನಷ್ಟೂ ಜಾರದೆ ಮೇಲೆ ಹತ್ತಿತು. ಅಧ್ಯಕ್ಷರು ತುಂಡು ಹಿಡಿದು ಅರ್ಧ ಇಳಿದವರು ಹಾಗೇ ನೇತಾಡುತ್ತ ಮೇಲೆ ಬಂದರು. ದಾರಿಯ ಬದಿಯಲ್ಲಿ ನಿಂತವರು ಚಪ್ಪಾಳೆ ತಟ್ಟಿದರು.

ಮೂರು ಪೆಡಲಿನದೂ ಹತ್ತಿತು. ಅದರಲ್ಲಿ ಗೇರು, ಕ್ಲಚ್ಚು, ಹ್ಯಾಂಡ್ ಬ್ರೇಕು ಎಲ್ಲವನ್ನೂ ಹೊಂದಿಸಬೇಕಾಯಿತು. ಎರಡು ಬೆರಳು ಜಾರಿತು ಕೂಡ. ಅದಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಶೆಡ್ಡಿಗೆ ಮರಳಿ ಗಾಡಿಯಿಂದ ಇಳಿಯುವಾಗ ಗೇರಣ್ಣ ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಹೊರಗಿಟ್ಟ. ಯಾರೂ ಗಮನಿಸಲಿಲ್ಲ ಎಂದುಕೊಂಡ. ಅಲ್ಲೇ ಕ್ಯಾನು ತೊಳೆಯುತ್ತಿದ್ದ ಅವನ ಸೊಸೆ ನೀರಿನ ಪೈಪು ಹಿಡಿದು ಅತ್ತಲೇ ನೋಡುತ್ತಿದ್ದಳು.

*

ಸಂಜೆ ಹೆಂಡತಿ ಎಣ್ಣೆ ಬಿಸಿ ಮಾಡಿ ತಂದು ಅವನ ಮಂಡಿಗೆ ತಿಕ್ಕಿದಳು. ಬಾಗಿಲು ಮುಂದಕ್ಕೆ ಮಾಡಿತ್ತು. ಎರಡು ತಿಂಗಳಿಂದ ಈ ಎಣ್ಣೆಯ ಕೆಲಸ ಮನೆಯೊಳಗಿನ ಗುಟ್ಟು. ಪೇಟೆಯ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಮೂಳೆಗೆ ಮೂಳೆ ತಾಗ್ತಿದೆ. ಕ್ಲಚ್ ತುಳಿಯೋದು ಬಿಡಿ. ಬಿಟ್ರೆ ಇದೇ ಮಂಡೀಲಿ ಇನ್ನೂ ಹತ್ತು ವರ್ಷ ಓಡಾಡ್ತೀರಿ, ಬಿಡದಿದ್ರೆ ಎರಡು ವರ್ಷದಲ್ಲಿ ಕೋಲು," ಎಂದಿದ್ದರು. ಇವನು ಬರುವಾಗ ದಾರಿಯಲ್ಲಿ ಹೆಂಡತಿಯಿಂದ ಮಾತು ತೆಗೆದುಕೊಂಡಿದ್ದ, ಯಾರಿಗೂ ಹೇಳಕೂಡದು ಎಂದು.

"ಇದಕ್ಕೆ ಇಷ್ಟೊಂದು ಯೋಚನೆ ಏನ್ರೀ?" ಎಂದಳು ಅವಳು. "ದೇವರೇ ತಂದು ನಿಲ್ಲಿಸಿದ ಹಾಗೆ ಬಂದಿದೆ ಆ ಎರಡು ಪೆಡಲಿನ ಗಾಡಿ. ಅದನ್ನೇ ಮುಟ್ಟಿ ತೋರಿಸಿ. ನಿಮ್ಮ ಕಾಲೂ ಉಳೀತದೆ, ಕೆಲಸಾನೂ ಉಳೀತದೆ."

"ಹಾಗೆ ಹೇಳಿದ್ರೆ ಮಾತಾಡಿದ್ದು ನಾನೋ ನನ್ನ ಮಂಡಿಯೋ?"

"ಮಂಡಿ ಯಾರದು, ಪಕ್ಕದ ಮನೆಯವರದ್ದಾ?"

ಅವನು ನಗಲಿಲ್ಲ. "ಗೇರಿನ ಗಾಡಿ ಬೇಕು ಅಂದ್ರೂ ಅಷ್ಟೆ. ಅದು ನಾನಲ್ಲ, ಈ ಹಾಳು ಹೆಸರು ಹೇಳೋದು. ಗೇರಣ್ಣ ಗೇರಿಲ್ಲದ ಗಾಡಿ ಓಡಿಸ್ತಾನಂತೆ ಅಂತ ಜನ ನಗ್ತಾರಲ್ಲ, ಆ ಅಂಜಿಕೆ ಹೇಳೋದು. ಎರಡೂ ಕಡೆ ಸಾಕ್ಷಿ ಕೆಟ್ಟಿದೆ ಕಣೇ."

ಹೆಂಡತಿ ಎಣ್ಣೆಯ ಕೈ ನಿಲ್ಲಿಸಿ ಅವನ ಮುಖ ನೋಡಿದಳು. "ಗೇರಿನ ಗಾಡಿ ತಗೊಂಡ್ರೆ ಓಡಿಸೋರು ಯಾರು?"

ಉತ್ತರ ಇಬ್ಬರಿಗೂ ಗೊತ್ತಿತ್ತು. ಮಗ ಮರದ ಮಿಲ್ಲಿನಲ್ಲಿ ಹಲಗೆ ಕೊಯ್ಯುವವನು, ಅವನಿಗೆ ಸೈಕಲ್ಲಿನ ಮೇಲೆ ಕೂತರೂ ತಲೆ ತಿರುಗುತ್ತಿತ್ತು. ಓಡಿಸಬಲ್ಲವಳು ಸೊಸೆ. ತವರಿನಲ್ಲಿ ಟ್ರ್ಯಾಕ್ಟರು ಓಡಿಸಿ ಬೆಳೆದವಳು. ನಾಲ್ಕು ವರ್ಷದಿಂದ ಬಿಡುವಿದ್ದಾಗಲೆಲ್ಲ ಗೇರಣ್ಣನೇ ಹಳೆಯ ಜೀಪಿನಲ್ಲಿ ಕೂರಿಸಿ ಅವಳಿಗೆ ಬೆಟ್ಟದ ದಾರಿ ಕಲಿಸಿದ್ದ. ಅವಳ ಕಾಲು ಕ್ಲಚ್ಚಿನ ಮೇಲೆ ಎಷ್ಟು ಹಗುರವಾಗಿ ಏಳುತ್ತಿತ್ತೆಂದರೆ ಪಕ್ಕದಲ್ಲಿ ಕೂತವನಿಗೆ ಗೇರು ಬದಲಾದದ್ದು ಕಿವಿಯಿಂದ ಮಾತ್ರ ತಿಳಿಯುತ್ತಿತ್ತು. ಅವಳಿಗೆ ಆ ಸೀಟಿನ ಮೇಲೆ ಆಸೆಯಿದೆ ಎಂಬುದೂ ಅವನಿಗೆ ಗೊತ್ತಿತ್ತು. ಬಾಯಿಬಿಟ್ಟು ಕೇಳಿದವಳಲ್ಲ. ಆದರೆ ಅವನು ಕೆಮ್ಮಿದ ದಿನವೂ, "ಮಾವ, ಇವತ್ತು ನಾನು ಹೋಗ್ಲಾ?" ಎನ್ನುತ್ತಿದ್ದಳು. ಅವನು ಒಂದು ದಿನವೂ ಹ್ಞೂಂ ಎಂದಿರಲಿಲ್ಲ.

ಆ ಸೀಟು ಬಿಟ್ಟರೆ ಬೆಳಗ್ಗೆ ನಾಲ್ಕೂವರೆಗೆ ಎದ್ದು ಏನು ಮಾಡುವುದು ಎಂಬುದನ್ನು ಅವನು ಯೋಚಿಸಿ ನೋಡಿದ್ದ. ಯೋಚನೆ ಮುಂದೆ ಹೋಗುತ್ತಿರಲಿಲ್ಲ.

*

ಬುಧವಾರ ಬಾಡಿಗೆ ಟ್ರ್ಯಾಕ್ಟರಿಗೆ ಕ್ಯಾನು ಏರಿಸುವುದನ್ನು ನೋಡುತ್ತ ನಿಂತಿದ್ದಾಗ ಅವನಿಗೆ ಅದು ಹೊಳೆಯಿತು. ಹೊಳೆದದ್ದು ಎಷ್ಟು ಸಣ್ಣ ಸಂಗತಿಯೆಂದರೆ ಒಂದು ಗಳಿಗೆ ತನ್ನ ತಲೆಗೇ ಮೊಟಕಿಕೊಳ್ಳಬೇಕೆನಿಸಿತು.

ಹಾಲು ಹತ್ತುವುದಿಲ್ಲ. ಹಾಲು ಇಳಿಯುತ್ತದೆ.

ಹತ್ತುವಾಗ ಕ್ಯಾನುಗಳು ಖಾಲಿ, ಗಾಡಿ ಹಗುರ. ಭಾರವೆಲ್ಲ ಇಳಿಯುವಾಗ. ಇಪ್ಪತ್ತನಾಲ್ಕು ಕ್ಯಾನು, ಒಂದೊಂದರಲ್ಲಿ ನಲವತ್ತು ಲೀಟರು, ಒಂಬತ್ತು ಕಿಲೋಮೀಟರು ಇಳಿಜಾರು. ಊರೆಲ್ಲ ಸೇರಿ ಖಾಲಿ ಗಾಡಿಯನ್ನು ಹತ್ತಿಸಿ ನೋಡಿ ಚಪ್ಪಾಳೆ ತಟ್ಟಿದ್ದರು. ಇಷ್ಟು ವರ್ಷ ಮರದ ತುಂಡು ಹಿಡಿದು ಹೆದರಿದವರಿಗೆ, ಆ ಹೆದರಿಕೆ ಹಳೆಯ ಜೀಪಿನದು, ದಾರಿಯದಲ್ಲ ಎಂಬುದು ಹೊಳೆದೇ ಇರಲಿಲ್ಲ. ಅವನಿಗೂ ಹೊಳೆದಿರಲಿಲ್ಲ.

ಅವನು ಮಾರಾಟದವನಿಗೆ ಫೋನು ಮಾಡಿಸಿದ. "ಎರಡೂ ಗಾಡಿ ಇನ್ನೆರಡು ದಿನ ಇಲ್ಲೇ ಇರಲಿ. ಹಾಲು ತುಂಬಿ ಇಳಿಸಿ ನೋಡ್ಬೇಕು."

"ಅದರಲ್ಲಿ ನೋಡೋದೇನಿದೆ ಅಣ್ಣ? ಇಳಿಯೋಕೆ ಯಾವ ಗಾಡಿಯಾದ್ರೂ ಇಳೀತದೆ."

"ಕಲ್ಲೂ ಇಳೀತದೆ," ಎಂದ ಗೇರಣ್ಣ.

ಗುರುವಾರ ಹಾಲಿನ ಕ್ಯಾನುಗಳನ್ನು ಹನ್ನೆರಡು ಹನ್ನೆರಡರಂತೆ ಎರಡು ಗಾಡಿಗೂ ಹಂಚಿ, ತೂಕ ಸರಿಯಾಗಲೆಂದು ಒಂದೊಂದಕ್ಕೆ ಇನ್ನೂ ಹನ್ನೆರಡು ಕ್ಯಾನು ನೀರು ತುಂಬಿ ಏರಿಸಿದರು. ಗೇರಿನದನ್ನು ಅವನು ತೆಗೆದುಕೊಂಡ, ಇನ್ನೊಂದನ್ನು ಸೊಸೆಗೆ ಕೊಟ್ಟ. "ನಾಳೆ ಅದಲು ಬದಲು. ಇಲ್ಲದಿದ್ರೆ ಗಾಡಿ ಗುಣ ಯಾವುದು, ಓಡಿಸೋರ ಗುಣ ಯಾವುದು ಗೊತ್ತಾಗಲ್ಲ."

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿದಳು. "ಎಡಗಾಲಿಗೆ ರಜೆ ಅಂತೆ ಮಾವ, ನಿಜವಾ?"

"ರಜೆ ಕೊಟ್ರೂ ಕೆಲಸಕ್ಕೆ ಬರ್ತದೆ ಅದು. ಸೀಟಿನ ಕೆಳಗೆ ಮಡಚಿಟ್ಕೋ."

ಹಾಲು ಸಂಗ್ರಹಿಸುವ ದಾರಿಯಲ್ಲಿ ಮೂವತ್ತೆಂಟು ಕಡೆ ನಿಲ್ಲಬೇಕು, ಒಂದೊಂದು ಮನೆಯ ಗೇಟಿನ ಮುಂದೆ. ಮೂವತ್ತೆಂಟು ಸಲ ಕ್ಲಚ್ಚು ತುಳಿದು ನಿಲ್ಲಿಸಿ, ಮೂವತ್ತೆಂಟು ಸಲ ತುಳಿದು ಹೊರಡಿಸುವಷ್ಟರಲ್ಲಿ ಗೇರಣ್ಣನ ಮಂಡಿಯಲ್ಲಿ ಬಿಸಿ ಮೊಳೆ ಇಟ್ಟ ಹಾಗಾಯಿತು. ಹಣೆಯ ಬೆವರನ್ನು ತೋಳಿಗೆ ಒರೆಸಿಕೊಂಡ. ಆದರೆ ಊರು ದಾಟಿ ಇಳಿಜಾರು ಶುರುವಾದ ಮೇಲೆ, ಕೆಳಗಿನ ಗೇರಿಗೆ ಹಾಕಿ ಎರಡೂ ಕಾಲು ತೆಗೆದುಬಿಟ್ಟ. ಎಂಜಿನ್ನೇ ಗಾಡಿಯನ್ನು ಹಗ್ಗ ಹಿಡಿದು ಇಳಿಸುವವರ ಹಾಗೆ ಇಳಿಸಿತು, ಒಂದೇ ಹದ, ಒಂದೇ ದನಿ. ಬ್ರೇಕು ಬೇಕಾದದ್ದು ತಿರುವುಗಳಲ್ಲಿ ಮಾತ್ರ. ಹಿಂದೆ ಕ್ಯಾನುಗಳು ಒಂದಕ್ಕೊಂದು ತಾಗುವ ಸದ್ದೂ ಬರಲಿಲ್ಲ.

ಮುಂದೆ ಹೋಗುತ್ತಿದ್ದ ಸೊಸೆಯ ಗಾಡಿಯ ಹಿಂದಿನ ಕೆಂಪು ದೀಪ ಹತ್ತಿ ಆರಿ, ಹತ್ತಿ ಆರಿ ಮಾಡುತ್ತಿತ್ತು. ಆ ಗಾಡಿಯಲ್ಲೂ ಕೆಳಗಿನ ಗೇರು ಇತ್ತು, ಅವಳು ಹಾಕಿಯೂ ಇದ್ದಳು. ಆದರೂ ಅದು ಭಾರವನ್ನು ಪೂರ್ತಿ ಹಿಡಿಯುತ್ತಿರಲಿಲ್ಲ. ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುತ್ತ ಹೋಗುತ್ತಿತ್ತು. ಹೆಚ್ಚಾದದ್ದನ್ನು ಕಾಲು ಹಿಡಿಯಬೇಕು.

ಶೀತಲ ಕೇಂದ್ರದಲ್ಲಿ ಹಾಲು ಪರೀಕ್ಷೆ ಮಾಡುವ ಅಕ್ಕ ಒಬ್ಬಳಿದ್ದಳು. ಗೇರಣ್ಣನಿಗಿಂತ ಎರಡು ವರ್ಷ ಹಳಬಳು. ಯಾವ ಚಾಲಕ ಹೇಗೆ ಓಡಿಸಿದ ಎಂಬುದನ್ನು ಅವಳು ಕ್ಯಾನಿನ ಮುಚ್ಚಳ ನೋಡಿಯೇ ಹೇಳುವವಳು. ಆಗತಾನೆ ಕರೆದ ಬೆಚ್ಚನೆಯ ಹಾಲು ದಾರಿಯಲ್ಲಿ ಹೊಯ್ದಾಡಿದರೆ ಮುಚ್ಚಳದ ಒಳಮೈಗೆ ಬೆಣ್ಣೆಯ ಸಣ್ಣ ಕಣಗಳು ಅಂಟಿರುತ್ತವೆ. ಮೊದಲು ಗೇರಣ್ಣನ ಕ್ಯಾನು ತೆಗೆದಳು. "ಕನ್ನಡಿ," ಎಂದಳು. ಸೊಸೆಯ ಕ್ಯಾನುಗಳನ್ನು ತೆಗೆದು ಮುಚ್ಚಳದ ಮೇಲೆ ಬೆರಳೆಳೆದು ತೋರಿಸಿದಳು. "ಇದೇನಮ್ಮ, ಕಡೆದು ತಂದಿದ್ದೀಯಲ್ಲ. ಇನ್ನೊಂದು ಮೈಲಿ ಬಂದಿದ್ರೆ ಮಜ್ಜಿಗೆ ಬೇರೆ ಬೆಣ್ಣೆ ಬೇರೆ."

ಸೊಸೆ ನಾಚಿಕೊಂಡಳು. ಗೇರಣ್ಣ ಅವಳ ಗಾಡಿಯ ಮುಂದಿನ ಚಕ್ರದ ಬಳಿ ಹೋಗಿ ಅಂಗೈ ಹಿಡಿದ. ಮುಟ್ಟಬೇಕಾಗಲಿಲ್ಲ, ಝಳ ಬಡಿಯುತ್ತಿತ್ತು, ಸುಟ್ಟ ರಬ್ಬರಿನ ವಾಸನೆಯಿತ್ತು. ಅವಳೂ ಬಂದು ಅಂಗೈ ಹಿಡಿದಳು.

ಶುಕ್ರವಾರ ಅದಲು ಬದಲಾಯಿತು. ಎರಡು ಪೆಡಲಿನ ಗಾಡಿಯಲ್ಲಿ ಮೂವತ್ತೆಂಟು ಗೇಟುಗಳೂ ನೀರು ಕುಡಿದ ಹಾಗೆ ಮುಗಿದವು. ಮಂಡಿ ಒಂದು ಸಲವೂ ಕೂಗಲಿಲ್ಲ. ಗೇರಣ್ಣನಿಗೆ ಆ ಸುಖ ಮೈಗೆಲ್ಲ ಹತ್ತಿತು. ಇನ್ನೂ ಹತ್ತು ವರ್ಷ ಹೀಗೆಯೇ ಓಡಿಸಬಹುದಲ್ಲ ಎಂದು ಲೆಕ್ಕ ಹಾಕಿದ. ಈಗ ನಾಲ್ಕು ವರ್ಷದ ಮೊಮ್ಮಗಳಿಗೆ ಆಗ ಹದಿನಾಲ್ಕು. ಇಳಿಜಾರಿನಲ್ಲಿ ತನ್ನ ವಿದ್ಯೆಯನ್ನೆಲ್ಲ ಹಾಕಿ ಬ್ರೇಕನ್ನು ಮೊಟ್ಟೆ ತುಳಿಯುವವನ ಹಾಗೆ ತುಳಿದ. ಕೆಳಗೆ ಬಂದಾಗ ಮುಚ್ಚಳಗಳು ಹೆಚ್ಚು ಕಡಿಮೆ ಶುಭ್ರವಾಗಿದ್ದವು. ಚಕ್ರ ಮಾತ್ರ ನಿನ್ನೆಯಷ್ಟೇ ಬಿಸಿ. ಇದು ಬಿಸಿಲಿನ ದಿನ, ಹೊಸ ಬ್ರೇಕು. ಮಳೆಗಾಲದಲ್ಲಿ, ಕೆಸರಿನಲ್ಲಿ, ಮೂರು ವರ್ಷ ಸವೆದ ಬ್ರೇಕಿನಲ್ಲಿ ಹೇಗೆ ಎಂದು ದಾರಿ ಗೊತ್ತಿದ್ದವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸೊಸೆಯ ಕ್ಯಾನುಗಳ ಮುಚ್ಚಳ ಕನ್ನಡಿ.

ಮರಳಿ ಹೊರಡುವಾಗ ಅವನು ಅವಳ ಮುಖ ನೋಡುವುದನ್ನು ತಪ್ಪಿಸಿಕೊಂಡ. ಊರು ಬಂದಾಗ ಎಡಗಾಲನ್ನು ಕೈಯಿಂದ ಎತ್ತಿ ಇಡದೆ, ಹಲ್ಲು ಕಚ್ಚಿ ಹಾಗೇ ಇಳಿದ.

*

ಶನಿವಾರ ಸಭೆಗೆ ಶೆಡ್ಡು ತುಂಬಿತ್ತು. ಮಗುಚಿಟ್ಟ ಕ್ಯಾನುಗಳೇ ಕುರ್ಚಿ. ಹೆಂಡತಿ ಹಿಂದಿನ ಗೋಡೆಯ ಹತ್ತಿರ ಹೆಂಗಸರ ಜೊತೆ ಕೂತಿದ್ದಳು. ಗೇರಣ್ಣ ಕಂಬದ ಬಳಿ ಒಂದು ಕ್ಯಾನಿನ ಮೇಲೆ ಕೂತಿದ್ದ. ಆಟೋಮ್ಯಾಟಿಕ್ ಎಂದರೆ ಯಾರೂ ಏಕೆ ಎಂದು ಕೇಳುವವರಿಲ್ಲ. ಮೊಣಕೈ ಹತ್ತಿದ್ದನ್ನು ಎಲ್ಲರೂ ನೋಡಿದ್ದರು. ಕೆಳಗೆ ಚಕ್ರದ ಝಳ ನೋಡಿದವರು ಇಬ್ಬರೇ. ಅವನು ಬಾಯಿ ಮುಚ್ಚಿಕೊಂಡು ಒಂದು ಗಾಡಿಯನ್ನು ಮುಟ್ಟಿದರೆ ಸಾಕಿತ್ತು.

ಅಧ್ಯಕ್ಷರು ಟೋಪಿ ತೆಗೆದು ಮಾತು ಶುರು ಮಾಡುವ ಮೊದಲೇ ಸೊಸೆ ಎದ್ದು ನಿಂತಳು.

"ನಾನೂ ಎರಡು ಗಾಡಿ ಓಡಿಸಿದ್ದೀನಿ, ಅದಕ್ಕೆ ಒಂದು ಮಾತು. ಆಟೋಮ್ಯಾಟಿಕ್ಕೇ ತಗೊಳ್ಳಿ. ಹತ್ತೋದನ್ನ ನೀವೇ ನೋಡಿದ್ರಿ. ಗೇಟು ಗೇಟಿಗೆ ನಿಲ್ಲಿಸೋಕೂ ಅದೇ ಸುಲಭ. ಇಳಿಯೋದ್ರಲ್ಲಿ ಎರಡೂ ಒಂದೇ. ಏನೂ ವ್ಯತ್ಯಾಸ ಇಲ್ಲ."

ಗೇರಣ್ಣ ತಲೆಯೆತ್ತಿದ. ಅವಳು ಎಲ್ಲರ ಮುಖ ನೋಡುತ್ತಿದ್ದಳು, ಅವನೊಬ್ಬನನ್ನು ಬಿಟ್ಟು. ಅವನು ಹಿಂದಿನ ಗೋಡೆಯತ್ತ ನೋಡಿದ. ಹೆಂಡತಿ ತಟ್ಟನೆ ಕಣ್ಣು ಕೆಳಗೆ ಹಾಕಿದಳು. ಗುಟ್ಟು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬುದು ಅವನಿಗೆ ಆಗ ತಿಳಿಯಿತು.

ಮೊದಲು ಅವನ ಎದೆ ಹಗುರವಾಯಿತು. ತಾನು ಹೇಳಬೇಕಾದ ಸುಳ್ಳನ್ನು ಬೇರೆಯವರು ಹೇಳಿ ಮುಗಿಸಿದ್ದರು. ಅದೂ ಆ ಸೀಟಿನ ಮೇಲೆ ಆಸೆಯಿದ್ದವಳೇ. ಆಮೇಲೆ ಕಿವಿ ಬಿಸಿಯಾಯಿತು. ನಾಲ್ಕು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು ಅವಳಿಗೆ ಅವನು ಕಲಿಸಿದ್ದು ಒಂದೇ ಪಾಠ: ದಾರಿ ಏನು ಹೇಳುತ್ತದೋ ಅದನ್ನು ಕೇಳು, ನಿನ್ನ ಮನಸ್ಸು ಹೇಳುವುದನ್ನಲ್ಲ.

"ಗುರುವಾರ ಕೆಳಗೆ ಹೋದಾಗ ಚಕ್ರಕ್ಕೆ ಕೈ ಹಿಡಿದೆಯಲ್ಲ," ಎಂದ ಅವನು, ಕೂತಲ್ಲಿಂದಲೇ. "ಹೇಗಿತ್ತು?"

ಅವಳು ಅತ್ತೆಯ ಕಡೆ ನೋಡಿದಳು.

"ಇವರಿಗೆಲ್ಲ ಹೇಳು. ಹೇಗಿತ್ತು?"

"ಬಿಸಿ ಇತ್ತು ಮಾವ."

"ಎಷ್ಟು ಬಿಸಿ?"

"ಮುಟ್ಟೋಕೆ ಆಗದಷ್ಟು."

"ಇನ್ನೊಂದರದ್ದು?"

"ತಣ್ಣಗಿತ್ತು." ಅವಳ ದನಿ ಇಳಿದಿತ್ತು. "ಮಾವ, ಯಾಕೆ ಈಗ—"

ಗೇರಣ್ಣ ಎದ್ದ. ಈ ಸಲ ಮಂಡಿಗೆ ಕೈ ಕೊಟ್ಟೇ ಎದ್ದ, ಮರೆಮಾಡಲಿಲ್ಲ. "ಅಧ್ಯಕ್ಷರೇ, ನಾವು ಮಂಗಳವಾರ ಮಾಡಿದ ಪರೀಕ್ಷೆ ತಪ್ಪು. ನಮ್ಮ ಹಾಲು ಹತ್ತಲ್ಲ, ಇಳೀತದೆ. ತುಂಬಿದ ಗಾಡೀನ ಬ್ರೇಕಿನ ಮೇಲೆ ಇಳಿಸೋದಾದ್ರೆ ಒಂದು ಮಳೆಗಾಲ ನಡೀತದೆ, ಎರಡು ನಡೀತದೆ. ಮೂರನೇದು ನಾನು ಹೇಳಲಾರೆ. ಬಯಲಲ್ಲಿ ಓಡಿಸೋರಿಗೆ, ಪೇಟೇಲಿ ಓಡಿಸೋರಿಗೆ ಆ ಗಾಡಿ ಚಿನ್ನ. ನಮ್ಮ ಈ ಒಂಬತ್ತು ಕಿಲೋಮೀಟರಿಗೆ ಗೇರಿನದೇ ಸರಿ."

ಮಾರಾಟದವನು ಏನೋ ಹೇಳಲು ಬಾಯಿ ತೆರೆದು, ಯಾವುದನ್ನು ಮಾರಿದರೂ ತನಗೆ ಒಂದೇ ಎಂಬುದು ನೆನಪಾಗಿ ಮುಚ್ಚಿದ.

"ಸರಿ ಬಿಡು," ಎಂದರು ಅಧ್ಯಕ್ಷರು. "ನಿನ್ನ ಕೈಗೂ ಅದೇ ಒಗ್ಗಿದ್ದು."

"ಓಡಿಸೋನು ನಾನಲ್ಲ. ನನ್ನ ಎಡ ಮಂಡಿ ಹೋಗಿದೆ. ಡಾಕ್ಟರು ಕ್ಲಚ್ ಬಿಡು ಅಂದು ಎರಡು ತಿಂಗಳಾಯ್ತು." ಶೆಡ್ಡಿನಲ್ಲಿ ಯಾರೋ ಕೆಮ್ಮಿದರು. "ಇವಳು ಓಡಿಸ್ಲಿ. ನನಗಿಂತ ಚೆನ್ನಾಗಿ ಇಳಿಸ್ತಾಳೆ. ನಿನ್ನೆ ಮುಚ್ಚಳ ನೋಡಿದ ಕೆಳಗಿನ ಅಕ್ಕನ್ನ ಬೇಕಾದ್ರೆ ಕೇಳಿ. ಸುಳ್ಳು ಹೇಳೋದು ಮಾತ್ರ ಇವಳಿಗೆ ಸರಿಯಾಗಿ ಬರಲ್ಲ, ಅದನ್ನ ನಾನು ಕಲಿಸಿಲ್ಲ."

ಹೆಂಗಸರ ಕಡೆಯಿಂದ ಒಂದು ನಗು ಎದ್ದು, ಶೆಡ್ಡೆಲ್ಲ ಹರಡಿತು. ಸೊಸೆ ನಗಲಿಲ್ಲ.

ಮನೆಗೆ ಹೋಗುವ ಕಾಲುದಾರಿಯಲ್ಲಿ ಅವಳು ಅವನ ನಡಿಗೆಗೆ ಹೊಂದಿಕೊಂಡು ನಿಧಾನವಾಗಿ ನಡೆದಳು. ಅತ್ತೆ ಬೇಕೆಂದೇ ಹಿಂದೆ ಉಳಿದಿದ್ದಳು.

"ನೀವು ಸುಮ್ನಿದ್ದಿದ್ರೆ ಆಗ್ತಿತ್ತು ಮಾವ."

"ಆಗ್ತಿತ್ತು."

"ಮತ್ತೆ?"

"ದಿನಾ ಬೆಳಗ್ಗೆ ಆ ಚಕ್ರ ಮುಟ್ಟಿ ನೋಡ್ಬೇಕಾಗ್ತಿತ್ತು ನಾನು," ಎಂದ ಅವನು. ಸ್ವಲ್ಪ ದೂರ ನಡೆದ ಮೇಲೆ, "ನಿಮ್ಮತ್ತೆ ಹೊಟ್ಟೇಲಿ ಒಂದು ಮಾತೂ ನಿಲ್ಲಲ್ಲ," ಎಂದ.

"ಅವರು ಹೇಳ್ಲಿಲ್ಲ. ನಾನೇ ಕೇಳ್ದೆ. ಎಣ್ಣೆ ಬಾಟ್ಲಿ ವಾರಕ್ಕೊಂದು ಖಾಲಿ ಆಗ್ತಿತ್ತಲ್ಲ, ತಲೇಲಿ ಕೂದ್ಲು ನೋಡಿದ್ರೆ ಇಷ್ಟೇ."

ಗೇರಣ್ಣ ಬೋಳು ತಲೆಯನ್ನೊಮ್ಮೆ ಸವರಿಕೊಂಡ.

*

ಹೊಸ ಗಾಡಿ ಬಂದ ಮೊದಲ ವಾರ ದಾರಿ ತೋರಿಸುವ ನೆಪದಲ್ಲಿ ಅವನೂ ಹೊರಟ. ತೋರಿಸುವುದಕ್ಕೆ ದಾರಿಯಲ್ಲಿ ಹೊಸದೇನಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ನಾಲ್ಕೂವರೆಗೆ ಎಚ್ಚರವಾಗಿಯೇ ಆಗುತ್ತಿತ್ತು. ಆದರೆ ಹೊರಡುವ ಆತುರವಿಲ್ಲದ್ದರಿಂದ ಬೂಟು ಹುಡುಕುತ್ತ, ಮಫ್ಲರು ಸುತ್ತುತ್ತ ತಡವಾಯಿತು. ಶೆಡ್ಡಿಗೆ ಬಂದಾಗ ಸೊಸೆ ಎಂಜಿನ್ ಚಾಲೂ ಮಾಡಿ ಕೂತಿದ್ದಳು, ಕ್ಯಾನು ಎತ್ತುವ ಇಬ್ಬರೂ ಹಿಂದೆ ಹತ್ತಿ ಆಗಿತ್ತು.

"ಕೊನೆಗೆ ಬಂದೋರು ನೀವೇ," ಎಂದು ಅವಳು ಮರದ ತುಂಡನ್ನು ಅವನ ತೊಡೆಯ ಮೇಲಿಟ್ಟಳು.

ಇಪ್ಪತ್ತಾರು ವರ್ಷದಲ್ಲಿ ಅದು ಅವನ ತೊಡೆಗೆ ಬಂದದ್ದು ಮೊದಲ ಸಲ. ನೆನೆಸಿದ್ದಕ್ಕಿಂತ ಭಾರವಾಗಿತ್ತು. ಹಿಡಿಯುವ ಕಡೆ ಊರಿನವರ ಕೈಗಳೆಲ್ಲ ತಾಗಿ ತಾಗಿ ನುಣುಪಾಗಿತ್ತು, ಅವನದೊಂದನ್ನು ಬಿಟ್ಟು.

ಮೂವತ್ತೆಂಟು ಗೇಟುಗಳಲ್ಲೂ ಹಾಲು ಕೊಡುವವರು ಮೊದಲು ಸ್ಟೇರಿಂಗಿನ ಕಡೆ ನೋಡಿ, ಆಮೇಲೆ ಅವನ ಕಡೆ ನೋಡಿದರು. ಒಬ್ಬಿಬ್ಬರು, "ಏನು ಗೇರಣ್ಣ, ಸವಾರಿ?" ಎಂದರು. ಅವನು ತುಂಡು ಎತ್ತಿ ತೋರಿಸಿದ. ಕೆಳಗೆ ಪರೀಕ್ಷೆಯ ಅಕ್ಕ ಹನ್ನೆರಡನೇ ಮುಚ್ಚಳ ತೆಗೆದು, ಯಾವಾಗಿನಂತೆ ಅವನತ್ತ ತಿರುಗಿ, "ಕನ್ನಡಿ, ಗೇರಣ್ಣ," ಎಂದಳು. ಅವನು ಸೊಸೆಯ ಕಡೆ ಕೈ ಮಾಡಿದ. ಅಕ್ಕ ಅವಳತ್ತ ತಿರುಗಿ, "ಕನ್ನಡಿ ಕಣಮ್ಮ," ಎಂದು ಇನ್ನೊಮ್ಮೆ ಹೇಳಿದಳು.

ಮರಳಿ ಹತ್ತುವಾಗ ಮೊಣಕೈ ತಿರುವು ಬಂತು. ಸೊಸೆ ನಿಲ್ಲಿಸಿದಳು, ಹಿಂದೆ ಸರಿಸಿದಳು, ಮತ್ತೆ ನಿಲ್ಲಿಸಿದಳು. ಖಾಲಿ ಕ್ಯಾನುಗಳು ಗಡಗಡ ಎಂದವು. ಗೇರಣ್ಣ ತುಂಡನ್ನು ಎದೆಗೆ ಅವಚಿಕೊಂಡು ಬಾಗಿಲ ಹಿಡಿಗೆ ಕೈ ಹಾಕಿದ.

"ಇಳೀಬೇಡಿ ಮಾವ. ಜಾರಲ್ಲ."

ಅವಳು ಹ್ಯಾಂಡ್ ಬ್ರೇಕು ಬಿಡುತ್ತ ಕ್ಲಚ್ಚು ಎತ್ತಿದಳು. ಗಾಡಿ ಒಂದು ಬೆರಳಿನಷ್ಟೂ ಹಿಂದೆ ಬರದೆ, ಉಸಿರು ಬಿಟ್ಟ ಹಾಗೆ ಮುಂದೆ ಹೊರಟಿತು. ತಿರುವು ಹಿಂದಾಯಿತು, ಬೆಟ್ಟದ ಬೆಳಕು ಗಾಜಿನ ಮೇಲೆ ಬಿತ್ತು. ಆಗ ಮಂಡಿಯಲ್ಲಿ ಸಣ್ಣ ನೋವೆದ್ದು ಗೇರಣ್ಣ ಕೆಳಗೆ ನೋಡಿದ. ಅವನ ಎಡಗಾಲು ನೀಡಿಕೊಂಡು, ಏನೂ ಇಲ್ಲದ ನೆಲವನ್ನು ಬಲವಾಗಿ ತುಳಿದುಕೊಂಡಿತ್ತು. ಅವನು ಅದನ್ನು ಎರಡೂ ಕೈಯಲ್ಲಿ ಎತ್ತಿ, ಸೀಟಿನ ಕೆಳಗೆ ಮಡಚಿಟ್ಟುಕೊಂಡ.